120 ಫಿಲ್ಮು, ರೀಲು, ಹೆಬ್ಬೆರಳು: ಗೆಳೆಯನಿಗೊಂದು ಪತ್ರ

ಲೋ ದೊರೆ,

ಯಾಶಿಕಾ ಕ್ಯಾಮೆರಾದ ಮೊದಲ ರೋಲು ಮುಗೀತು, ಮನೆಯಲ್ಲೇ ಡೆವಲಪ್ ಮಾಡ್ತೀನಿ ಅಂತ ಬರೆದಿದ್ದೀಯ. ಯಾವ ಡೆವಲಪರ್, ಎಷ್ಟು ನಿಮಿಷ ಅಂತ ಕೇಳಿದ್ದೀಯ. ಅದು ಬಾಟಲಿ ಮೇಲೇ ಇರುತ್ತೆ ಕಣೋ. 120 ಫಿಲ್ಮು, ಅಂದರೆ ಕಾಗದದ ಜೊತೆ ಸುತ್ತಿ ಬರುವ ಈ ಅಗಲದ ರೋಲು, ಹಾಳಾಗೋದು ಅದಕ್ಕೂ ಮುಂಚೆ, ಕತ್ತಲಲ್ಲಿ ರೀಲಿಗೆ (ಸುತ್ತುಗಳು ಒಂದಕ್ಕೊಂದು ತಾಗದಂತೆ ಹಿಡಿಯುವ ತೋಡಿನ ಚಕ್ರಕ್ಕೆ) ಏರಿಸುವಾಗ. ಇದೇ ತೊಂದರೆ ಪಡುತ್ತಿರುವವರು ಇನ್ನೂ ಇದ್ದಾರೆ, ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೀತಿದ್ದೀನಿ. ಹಾಸನದ ಬಕೆಟ್ಟಿನ ವಿಷಯ ಎತ್ತಲ್ಲ, ಹೆದರಬೇಡ.

35 ಎಂಎಂ ಸುತ್ತಿ ಪಳಗಿದ ಕೈಗೂ 120 ಹೊಸದೇ. ಉದ್ದ ಸುಮಾರು 80 ಸೆಂಟಿಮೀಟರ್ ಅಷ್ಟೇ. ಅಗಲ 6 ಸೆಂಟಿಮೀಟರಿಗಿಂತ ತುಸು ಹೆಚ್ಚು, ಹಾಳೆ ಮಾತ್ರ ತೆಳು. ಹಾಗಾಗಿ ನಡುವೆ ಬಾಗುತ್ತೆ, ಬಾಗಿದ ಕೂಡಲೇ ಒಂದು ಅಂಚು ರೀಲಿನ ತೋಡಿನಿಂದ ಜಾರುತ್ತೆ.

ಮೊದಲು ರೀಲು ನೋಡು. ಪ್ಯಾಟರ್ಸನ್ ಕಂಪನಿಯ ಪ್ಲಾಸ್ಟಿಕ್ ರೀಲಿನ ಥರದ್ದಾದರೆ ಎರಡು ಭಾಗಗಳನ್ನೂ ಜೋರಾಗಿ ತಿರುಚಿ ಬಿಡಿಸಿ, ಅತಿ ಅಗಲದ ಅಳತೆಗೆ ಕೂರಿಸು. ಬಾಯಿಯ ಹತ್ತಿರದ ಸಣ್ಣ ಗುಂಡುಗಳು ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಅನ್ನದಿದ್ದರೆ ಹಳೇ ವೆಟಿಂಗ್ ಏಜೆಂಟಿನ (ನೀರಿನ ಕಲೆ ಕೂರದಂತೆ ಕೊನೆಯಲ್ಲಿ ಅದ್ದುವ ಸೋಪಿನಂಥ ದ್ರವ) ಅಂಟು ಕೂತಿದೆ. ಬಿಸಿನೀರು, ಹಳೇ ಟೂತ್‌ಬ್ರಶ್ ಹಾಕಿ ತಿಕ್ಕು. ಮುಂದೆಯೂ ಫಿಲ್ಮನ್ನು ರೀಲಿನಿಂದ ಬಿಡಿಸಿದ ಮೇಲೇ ವೆಟಿಂಗ್ ಏಜೆಂಟಿಗೆ ಅದ್ದು. ರೀಲು ಪೂರ್ತಿ ಒಣಗಿರಬೇಕು. ಒಂದು ಹನಿ ತೇವ ಸಿಕ್ಕರೂ ಎಮಲ್ಷನ್ನಿನ, ಅಂದರೆ ಚಿತ್ರ ಮೂಡುವ ಲೇಪದ, ಜೆಲಟಿನ್ ಪ್ಲಾಸ್ಟಿಕ್ಕಿಗೆ ಕಚ್ಚಿಕೊಳ್ಳುತ್ತೆ. ನಿಮ್ಮ ಮಂಗಳೂರಿನ ಮಳೆಗಾಲದಲ್ಲಿ ಒಣಗಿಸಿದ್ದೂ ಒಣಗಿರಲ್ಲ, ಹೇರ್ ಡ್ರೈಯರಿನ ತಣ್ಣನೆ ಗಾಳಿ ಹಿಡಿ.

ಚೇಂಜಿಂಗ್ ಬ್ಯಾಗಿನೊಳಗೆ (ಬೆಳಕು ನುಗ್ಗದ, ಕೈ ತೂರಿಸಿ ಕೆಲಸ ಮಾಡುವ ಚೀಲ) ರೋಲು, ರೀಲು, ಮೊಂಡು ತುದಿಯ ಕತ್ತರಿ, ಡೆವಲಪ್ ಮಾಡುವ ಟ್ಯಾಂಕು, ಮುಚ್ಚಳ, ನಡುವಿನ ಕಪ್ಪು ಕೊಳವೆ ಎಲ್ಲ ಇರಲಿ. ಆ ಕೊಳವೆ ಮರೆತರೆ ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ನಡುವಿನಿಂದ ಬೆಳಕು ಇಳಿಯುತ್ತೆ.

ಈಗ ಕಾಗದ ಬಿಚ್ಚುತ್ತಾ ಹೋಗು. ಮೊದಲು ಸಿಗೋದು ಫಿಲ್ಮಿನ ಬಿಡಿ ತುದಿ. ಅದನ್ನು ಎಳೆಯಬೇಡ, ತಾನಾಗಿ ಸುರುಳಿಯಾಗಲಿ. ಕೊನೆಯಲ್ಲಿ ಟೇಪ್ ಅಂಟಿಸಿದ ತುದಿ ಸಿಗುತ್ತೆ, ಅದು ಸುರುಳಿಯ ಹೊರಗೇ ಇರುತ್ತೆ. ಟೇಪನ್ನು ಕಾಗದದಿಂದ ನಿಧಾನವಾಗಿ ಬಿಡಿಸು. ಸರ್ರನೆ ಕಿತ್ತರೆ ಅಂಟು ಬಿಡುವ ಜಾಗದಲ್ಲಿ ನೀಲಿ ಹೊಳಪು ಏಳುತ್ತೆ. ಬಿಡಿಸಿದ ಟೇಪನ್ನು ಫಿಲ್ಮಿನ ತುದಿಯ ಮೇಲೇ ನೀಟಾಗಿ ಮಡಚು. ತುದಿ ದಪ್ಪಗಾಗಿ, ಗಟ್ಟಿಯಾಗಿ, ತೋಡಿನೊಳಗೆ ನೇರ ನಡೆಯುತ್ತೆ. ಅಂಟು ಹೊರಗೆ ಇಣುಕಿದರೆ ಅಲ್ಲೇ ಸಿಕ್ಕಿಕೊಳ್ಳುತ್ತೆ, ಹಾಗಾದರೆ ಟೇಪನ್ನೇ ಕತ್ತರಿಸಿಬಿಡು. ತುದಿಯ ಎರಡು ಮೂಲೆಗಳನ್ನೂ ಕತ್ತರಿಯಲ್ಲಿ ಒಂದಿಷ್ಟೇ ಕತ್ತರಿಸು.

ಎಮಲ್ಷನ್ ಒಳಮುಖ, ಫಿಲ್ಮು ತಾನಾಗಿ ಸುತ್ತಿಕೊಳ್ಳುವ ದಿಕ್ಕಿನಲ್ಲೇ. ರೀಲಿನ ಬಾಯಿಯ ಎರಡು ಕಿವಿಗಳನ್ನು ಹೆಬ್ಬೆರಳಲ್ಲಿ ಹುಡುಕು, ಎರಡೂ ಎದುರುಬದುರು ಇರಲಿ. ತುದಿಯನ್ನು ತೂರಿಸಿ ಗುಂಡುಗಳನ್ನು ದಾಟುವ ತನಕ ಕೈಯಲ್ಲೇ ಎಳಿ. ಆಮೇಲೆ ಎರಡೂ ಬದಿಯನ್ನು ಒಂದಾದ ಮೇಲೊಂದು ತಿರುಗಿಸು, ಹೆಬ್ಬೆರಳು ಅಂಚಿನ ಮೇಲೆ ಹಗುರವಾಗಿ ಕೂತಿರಲಿ. ಫಿಲ್ಮು ಸರಿಯಾಗಿ ಹೋಗ್ತಿದ್ದರೆ ಅಂಚು ಬೆರಳಡಿ ಸಮನಾಗಿ ಜಾರುತ್ತೆ. ಒಂದು ಕಡೆ ಉಬ್ಬಿದ್ದು ತಿಳಿದ ಕೂಡಲೇ ನಿಲ್ಲಿಸು. ದೂಡಿದರೆ ಮಡಿಕೆ ಬಿದ್ದು ಅರ್ಧಚಂದ್ರದ ಗುರುತು ಉಳಿಯುತ್ತೆ. ತೋಡು ತಪ್ಪಿ ಸುತ್ತು ಸುತ್ತಿಗೆ ತಾಗಿದರೆ ಅಲ್ಲಿಗೆ ಡೆವಲಪರೂ ತಲುಪಲ್ಲ, ಚಿತ್ರ ಕಾಯಂ ಮಾಡುವ ಫಿಕ್ಸರೂ ತಲುಪಲ್ಲ, ಹಾಲಿನಂಥ ಕಲೆ ಉಳಿಯುತ್ತೆ.

ಇಷ್ಟು ವಿವರ ಬರೆಯೋಕೆ ಇನ್ನೊಂದು ಕಾರಣ ಇದೆ. ಈಚೆಗೆ ನನ್ನ ಬಲ ಹೆಬ್ಬೆರಳಿಗೆ ಆ ಅಂಚು ಮೊದಲಿನಷ್ಟು ತಿಳೀತಿಲ್ಲ. ಕೂತಿತೋ ಇಲ್ಲವೋ ಅಂತ ಎಡಗೈಯಲ್ಲಿ ಮತ್ತೆ ಮುಟ್ಟಿ ನೋಡಬೇಕು. ಕಣ್ಣು ಮಂಜಾದರೆ ಕನ್ನಡಕ ಇದೆ, ಈ ಕೆಲಸಕ್ಕೆ ಬೆರಳು ಬಿಟ್ಟರೆ ಬೇರೇನೂ ಇಲ್ಲ. ಬೆರಳಿಗೆ ಗೊತ್ತಿರೋದು ಪೂರ್ತಿ ಮರೆತುಹೋಗುವ ಮುಂಚೆ ಯಾರಿಗಾದರೂ ದಾಟಿಸಬೇಕು ಅನ್ನಿಸ್ತು, ನೀನು ನೆನಪಾದೆ. ಭಯ ಆಗಿದೆ ಕಣೋ. ಇಷ್ಟು ಬರೀಬೇಕು ಅಂತ ಇರಲಿಲ್ಲ, ಅದೂ ಇಷ್ಟು ಜನರೆದುರು. ನಮ್ಮನೆಯವಳಿಗೆ ತಿಳಿಸಬೇಡ, ಇವತ್ತಿಂದಲೇ ಹೋಳಿಗೆ ಬಂದ್ ಆಗುತ್ತೆ!

ಇರಲಿ. ಸಿಕ್ಕಿಕೊಂಡರೆ ಏನು ಮಾಡೋದು ಅಂತ ಕೇಳು. ಬ್ಯಾಗಿನೊಳಗೆ ಕೈ ಬೆವರುತ್ತೆ, ಬೆವರಿದ ಕೈಗೆ ಫಿಲ್ಮು ಇನ್ನಷ್ಟು ಹಟ ಮಾಡುತ್ತೆ. ಆಗ ಫಿಲ್ಮನ್ನು ಹಾಗೇ ಸುರುಳಿ ಮಾಡಿ ಖಾಲಿ ಟ್ಯಾಂಕಿಗೆ ಹಾಕು, ಕೊಳವೆ ಇಟ್ಟು ಮುಚ್ಚಳ ಬಿಗಿ. ಕೈ ಹೊರಗೆ ತೆಗೆದು ತೊಳೆದು, ಕಾಫಿ ಕುಡಿದು, ಕೈ ಒಣಗಿದ ಮೇಲೆ ಮತ್ತೆ ಶುರು ಮಾಡು. ಇದೆಲ್ಲಕ್ಕೂ ಮೊದಲು ಒಂದು ರೋಲು ಬಲಿ ಕೊಟ್ಟು ಬೆಳಕಲ್ಲಿ ಏರಿಸು, ಆಮೇಲೆ ಕಣ್ಣು ಮುಚ್ಚಿ ಏರಿಸು. ನೋಡದೆ ಕೈ ನಡೆಯುವ ತನಕ ನಿಜವಾದ ರೋಲು ಮುಟ್ಟಬೇಡ.

ಪ್ಯಾಟರ್ಸನ್ ಟ್ಯಾಂಕಿನಲ್ಲಿ 35 ಎಂಎಂಗೆ 290 ಎಂಎಲ್ ದ್ರಾವಣ ಸಾಕು, 120ಕ್ಕೆ 500 ಬೇಕು. ಕಡಿಮೆಯಾದರೆ ಮೇಲಿನ ಅಂಚು ಮುಳುಗದೆ ಪೇಲವವಾಗುತ್ತೆ. ರೀಲು ಮೇಲೆ ಜಾರದಂತೆ ಕೊಳವೆಗೆ ಕ್ಲಿಪ್ಪು ಹಾಕು.

ನಿನ್ನದು ಪ್ಲಾಸ್ಟಿಕ್ ರೀಲೋ ಸ್ಟೀಲೋ ಮೊದಲು ತಿಳಿಸು. ಸ್ಟೀಲಾದರೆ ನಡುವಿನ ಕ್ಲಿಪ್ಪಿಗೆ ಸಿಕ್ಕಿಸಿ, ಫಿಲ್ಮನ್ನು ತುಸು ಬಾಗಿಸಿ ಹಿಡಿದು ಒಳಗಿನಿಂದ ಹೊರಕ್ಕೆ ಸುತ್ತಬೇಕು. ಅದಕ್ಕೆ ಬೇರೆಯೇ ಪತ್ರ ಬರೀತೀನಿ.

ನಿನ್ನವನೇ