ದಿಂಡೋರಿಯನ್ನು ‘ಹಿಂದುಳಿದ ಜಿಲ್ಲೆ’ ಎಂದರಷ್ಟೇ ಸಾಲದು

ಮಾನ್ಯರೇ,

ಮಂಡ್ಲಾದಿಂದ ಬೇರ್ಪಟ್ಟು 1998ರಲ್ಲಿ ರೂಪುಗೊಂಡ ಮಧ್ಯಪ್ರದೇಶದ ದಿಂಡೋರಿಯನ್ನು ‘ಹಿಂದುಳಿದ ಜಿಲ್ಲೆ’ ಎಂದಷ್ಟೇ ಬರೆದು ಮುಗಿಸುವುದು ನ್ಯಾಯವಲ್ಲ. ನರ್ಮದೆ ಹರಿಯುವ ಈ ಕಾಡುನಾಡಿನಲ್ಲಿ 2011ರ ಜನಗಣತಿಯಂತೆ ಸುಮಾರು 7 ಲಕ್ಷ ಜನರಿದ್ದು, ಅವರಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಗೊಂಡ, ಬೈಗಾ ಮುಂತಾದ ಬುಡಕಟ್ಟಿನವರು. ಭೂತಾಯಿಯ ಎದೆಯನ್ನು ನೇಗಿಲಿನಿಂದ ಸೀಳಬಾರದೆಂದು ನಂಬಿದ್ದ ಬೈಗಾ ಜನ, ಗಿಡಗಂಟಿ ಕಡಿದು ಸುಟ್ಟ ಬೂದಿಯಲ್ಲಿ ಬೀಜ ಚೆಲ್ಲಿ ಬೆಳೆಯುತ್ತಿದ್ದರು. ಬ್ರಿಟಿಷ್ ಆಡಳಿತವು ಆ ‘ಬೇವಾರ್’ ಬೇಸಾಯವನ್ನು 1890ರಲ್ಲಿ ಬೈಗಾಚಕ್ ಎಂಬ ಪ್ರದೇಶಕ್ಕೆ ಸೀಮಿತಗೊಳಿಸಿತು. ಬೈಗಾ ಜನ ಕೋದೋ, ಕುಟ್ಕಿ ಎನ್ನುವುದು ನಮ್ಮ ಹಾರಕ, ಸಾಮೆ ಎಂಬ ಸಿರಿಧಾನ್ಯಗಳನ್ನೇ. ಸಿಲ್ಪಿಡಿ ಗ್ರಾಮದ ಬೈಗಾ ಯುವತಿ ಲಹರಿ ಬಾಯಿ, ಇಂತಹ ಹಲವಾರು ತಳಿಗಳ ಬೀಜಗಳನ್ನು ತಮ್ಮ ಪುಟ್ಟ ಮನೆಯ ಮಣ್ಣಿನ ಕಣಜಗಳಲ್ಲಿ ಕಾಪಾಡಿ, ನೆರೆಹೊರೆಯ ರೈತರಿಗೆ ಹಂಚುತ್ತಾ ಬಂದಿದ್ದಾರೆ. ಈ ಜ್ಞಾನವನ್ನು ಜಿಲ್ಲೆಯ ಸಂಪತ್ತೆಂದು ಪತ್ರಿಕೆಗಳು ದಾಖಲಿಸಬೇಕೆಂದು ಕೋರುತ್ತೇನೆ.

— ಓದುಗ, ಧಾರವಾಡ