ಎಡಿನ್‌ಬರಾದಲ್ಲಿ ನಮ್ಮ ಚಪ್ಪರದ ಬಳ್ಳಿ

ಎಡಿನ್‌ಬರಾ
ಅಕ್ಟೋಬರ್ 12

ಪ್ರೀತಿಯ ಅಮ್ಮನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ಭಾನುವಾರ ಫೋನು ಮಧ್ಯೆ ಮಧ್ಯೆ ಕಟ್ಟಾಗಿ ನೀನು ಕೇಳಿದ್ದಕ್ಕೆ ಸರಿಯಾಗಿ ಹೇಳಲಿಕ್ಕೇ ಆಗಲಿಲ್ಲ. ಹೌದು, ಮೂಡಿಗೆರೆ ಮನೆಯ ಚಪ್ಪರದಿಂದ ಹಳದಿ ಕೆಂಪು ಗೊಂಚಲು ನೇತಾಡುತ್ತದಲ್ಲ, ಅದೇ ಬಳ್ಳಿ ಇಲ್ಲೂ ಇದೆ. ನರ್ಸರಿಯಲ್ಲಿ ದುಡ್ಡು ಕೊಟ್ಟು ತಂದಿದ್ದು. ಎಷ್ಟು ಅಂತ ಕೇಳಬೇಡ, ಅಪ್ಪ ಬೈತಾರೆ.

ಇಲ್ಲಿ ಅದಕ್ಕೆ ಥನ್‌ಬರ್ಜಿಯಾ ಮೈಸೂರೆನ್ಸಿಸ್ ಅಂತ ಚೀಟಿ ಹಚ್ಚಿ ಮಾರುತ್ತಾರೆ. ನಮ್ಮ ಘಟ್ಟದ್ದೇ ಗಿಡ. ಅದರ ವಿವರ ಮೊದಲು ಬರೆದದ್ದು ರಾಬರ್ಟ್ ವೈಟ್ ಅನ್ನುವ ಸ್ಕಾಟ್ಲೆಂಡಿನವನು. ಡಾಕ್ಟರಿಕೆ ಓದಿದ್ದು ಇದೇ ಊರಲ್ಲಿ, ಕೆಲಸ ಮಾಡಿದ್ದು ಮದ್ರಾಸ್ ಕಡೆ, ಕಂಪನಿ ಸರ್ಕಾರದಲ್ಲಿ. ಅವನಿಗೆ ಗಿಡಗಳ ಚಿತ್ರ ಬರೆದುಕೊಟ್ಟವರು ರಂಗಯ್ಯ, ಗೋವಿಂದು ಎಂಬ ನಮ್ಮ ದಕ್ಷಿಣದ ಕಲಾವಿದರು. ಆ ಚಿತ್ರಗಳು ಬಹಳಷ್ಟು ಇಲ್ಲಿನ ಬಟಾನಿಕ್ ಗಾರ್ಡನ್‌ನಲ್ಲಿವೆ. ನೀನು ಬಂದಾಗ ಆ ತೋಟಕ್ಕೆ ಕರಕೊಂಡು ಹೋಗುತ್ತೇನೆ.

ಈಗ ಚಳಿಯ ವಿಷಯ. ನಮ್ಮಲ್ಲಿ ಡಿಸೆಂಬರಿನಲ್ಲಿ ಎಷ್ಟೇ ಮಂಜು ಮುಸುಕಿದರೂ ಹತ್ತು ಗಂಟೆಗೆ ಬಿಸಿಲು ಬಂದರೆ ಬಳ್ಳಿ ಮತ್ತೆ ಚೇತರಿಸಿಕೊಳ್ಳುತ್ತದೆ. ಇಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ ಹೋದರೆ ಎಲೆಯೊಳಗಿನ ನೀರೇ ಗಟ್ಟಿಯಾಗುತ್ತದೆ. ಬೆಳಿಗ್ಗೆ ನೋಡಿದರೆ ಎಲೆ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಗೆ ಜೋತುಬಿದ್ದಿರುತ್ತದೆ. ಹೆಪ್ಪುಗಟ್ಟುವ ತನಕವೂ ಬೇಡ, 10 ಡಿಗ್ರಿಗಿಂತ ಕೆಳಗಿಳಿದರೇ ಈ ಬಳ್ಳಿಗೆ ಮುನಿಸು. ಅದಕ್ಕೇ ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಕುಂಡ ಒಳಗೆ ಬಂತು. ದಕ್ಷಿಣದ ಕಿಟಕಿಯ ಪಕ್ಕ ತಂತಿ ಕಟ್ಟಿ ಹಬ್ಬಿಸಿದ್ದೇನೆ.

ಒಳಗೆ ತಂದರೆ ಮುಗೀತು ಅಂದ್ಕೋಬೇಡ. ಡಿಸೆಂಬರಿನಲ್ಲಿ ಇಲ್ಲಿ ಹಗಲು ಸುಮಾರು 7 ತಾಸು, ಸೂರ್ಯ ಮಾಡಿನ ಮೇಲೆ ಏರುವುದೇ ಇಲ್ಲ. ಬೆಳಕು ಕಡಿಮೆ ಇರುವಾಗ ಗಿಡ ನೀರು ಕುಡಿಯುವುದೂ ಕಡಿಮೆ. ಪ್ರೀತಿ ಅಂತ ದಿನಾ ಹೊಯ್ದರೆ ತಣ್ಣಗೆ ಒದ್ದೆಯಾಗಿಯೇ ಇದ್ದು ಬೇರು ಕೊಳೆಯುತ್ತದೆ. ಬೆರಳು ಚುಚ್ಚಿ ನೋಡಿ, ಮಣ್ಣು ಮೇಲೆ ಒಣಗಿದ್ದರೆ ಮಾತ್ರ ನೀರು. ಜೊತೆಗೆ ಹೀಟರಿನ ಒಣ ಗಾಳಿಗೆ ನುಸಿ ಬರುತ್ತದೆ. ಎಲೆಯ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಕಂಡಾಗಲೇ ತಿರುಗಿಸಿ ನೋಡಬೇಕು. ನರದ ಪಕ್ಕದಲ್ಲಿ ತೆಳ್ಳಗೆ ಬಲೆ, ಅದರೊಳಗೆ ಕೆಂಪು ಧೂಳು ನಡೆದಾಡುತ್ತಿರುತ್ತದೆ! ಬಚ್ಚಲಿಗೆ ಒಯ್ದು ಎಲೆಯ ಅಡಿಗೆ ನೀರು ಹಾರಿಸುತ್ತೇನೆ. ಔಷಧಿಗಿಂತ ಇದೇ ವಾಸಿ, ಆದರೆ ಬಿಡದೆ ಮಾಡುತ್ತಿರಬೇಕು.

ನನ್ನನ್ನು ಕೇಳಿದರೆ ಈ ಊರಲ್ಲಿ ದೊಡ್ಡ ಬಳ್ಳಿಯನ್ನು ನೆಚ್ಚಿಕೊಳ್ಳಬಾರದು. ಹೊತ್ತು ಒಳಗಿಡುವುದೂ ಕಷ್ಟ, ಯಾವ ಚಳಿಗಾಲದಲ್ಲಿ ಕೈಕೊಡುತ್ತದೋ ಗೊತ್ತಿಲ್ಲ. ಬೀಜ ಕಟ್ಟಲಿ ಅಂದರೆ ಹೂವಿಂದ ಹೂವಿಗೆ ಪರಾಗ ಒಯ್ಯುವ ನಮ್ಮ ಸೂರಕ್ಕಿ ಇಲ್ಲಿಲ್ಲವಲ್ಲ. ಹಾಗಾಗಿ ಬೇಸಿಗೆಯಲ್ಲೇ ಕಡ್ಡಿ ಊರಿ ಮರಿಗಿಡ ಮಾಡಿಟ್ಟುಕೊಳ್ಳುವುದು. ನೀನು ಮೆಣಸಿನ ಬಳ್ಳಿಗೆ ಮಾಡುವ ಕೆಲಸವೇ, ಹೊಸದೇನಿಲ್ಲ. ಜೂನ್ ಜುಲೈನಲ್ಲಿ ಹೂ ಬಿಡದ, ತೀರಾ ಎಳೆಯದೂ ಅಲ್ಲದ ಕುಡಿ ಆರಿಸಿ ಎರಡು ಮೂರು ಗೆಣ್ಣು ಬರುವ ಹಾಗೆ, ಕೆಳಗಿನ ಗೆಣ್ಣಿನ ಕೆಳಗೇ ಕತ್ತರಿಸುತ್ತೇನೆ. ಕೆಳಗಿನ ಎಲೆ ಕಿತ್ತು ಮೇಲಿನ ದೊಡ್ಡ ಎಲೆ ಅರ್ಧ ಮಾಡುತ್ತೇನೆ, ಇಲ್ಲದಿದ್ದರೆ ಬೇರು ಬರುವ ಮೊದಲೇ ಎಲೆಯಿಂದ ನೀರು ಆರಿಹೋಗುತ್ತದೆ. ತೆಂಗಿನ ನಾರಿನ ಪುಡಿಗೆ ದಪ್ಪ ಮರಳು ಬೆರೆಸಿ ಊರಿ, ಮೇಲೆ ಪ್ಲಾಸ್ಟಿಕ್ ಕವರು. ನಿನಗೆ ಮಳೆಗಾಲದ ತೇವ, ತೋಟದ ನೆರಳು ಪುಕ್ಕಟೆ. ನನಗೆ ಬುಡ 20 ಡಿಗ್ರಿ ಬೆಚ್ಚಗಿರಲಿಕ್ಕೂ ಕರೆಂಟಿನ ಚಾಪೆ ಬೇಕು. ತಿಂಗಳು ಒಂದೂವರೆ ತಿಂಗಳಲ್ಲಿ ಮೆಲ್ಲಗೆ ಎಳೆದಾಗ ಕಡ್ಡಿ ಬರಲ್ಲ ಅಂದರೆ ಬೇರು ಹಿಡಿದಿದೆ ಅಂತ ಲೆಕ್ಕ. ಪಕ್ಕದ ಮನೆ ಅಜ್ಜಿಗೆ ಗಾಜಿನ ಕೋಣೆ ಇದೆ, ಒಂದು ಗಿಡ ಅಲ್ಲಿಗೆ ಕೊಟ್ಟೆ. ನಂದು ಹೋದರೂ ಅಲ್ಲೊಂದು ಇರುತ್ತೆ, ಅಲ್ವಾ.

ಅತ್ತೆ ಬರುವಾಗ ಚಪ್ಪರದ ಬಳ್ಳಿಯ ಕಡ್ಡಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸುತ್ತೇನೆ ಅಂದೆಯಲ್ಲ, ಖಂಡಿತ ಬೇಡ. ಗಿಡ, ಕಡ್ಡಿ ತರಬೇಕಾದರೆ ರೋಗ, ಹುಳ ಇಲ್ಲ ಅಂತ ಅಲ್ಲಿನ ಸರ್ಕಾರದ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಬೇಕು. ಸುಮ್ನೆ ಅವರು ಏರ್‌ಪೋರ್ಟಿನಲ್ಲಿ ಪೇಚಾಡುವುದು ಬೇಡ. ಕಾಫಿಪುಡಿ ಕಳಿಸು ಸಾಕು, ಚಿಕೋರಿ ಹಾಕದ್ದು.

ಆಮೇಲೆ, ಚಪ್ಪರದ ಬಳ್ಳಿ ಒತ್ತಾಯಿತು, ಬುಡಕ್ಕೇ ಕಡಿಸೋಣ ಅಂತ ತೋಟದ ಲೆಕ್ಕ ನೋಡುವ ರೈಟ್ರು ಹೇಳುತ್ತಿದ್ದಾರಂತೆ. ಹೂ ಮುಗಿಯುವ ತನಕ ಕತ್ತಿ ಮುಟ್ಟಿಸಬೇಡ. ಮುಗಿದ ಮೇಲೂ ಒಣಗಿದ್ದು, ಒಂದರ ಮೇಲೊಂದು ಹೆಣೆದದ್ದು ಮಾತ್ರ ತೆಗೆಸಿದರೆ ಸಾಕು. ಕಂಬ ಶಿಥಿಲ ಆಗಿದ್ದರೆ ಅದನ್ನು ಮೊದಲು ಬದಲಾಯಿಸಲಿ.

ಅಪ್ಪನಿಗೆ, ಅಜ್ಜಿಗೆ ನಮಸ್ಕಾರ.

ನಿನ್ನ ಮಗಳು