ನಿಮ್ಮ ಮೂರನೇ ಪೇಜಿನ ಕವಚ

ಮಾನ್ಯ ಸಂಪಾದಕರೇ,

ನಾನು ಕೋಲಾರದಲ್ಲಿ ಅಕ್ಕಸಾಲಿ ಕೆಲಸ ಮಾಡೋನು. ಅಪ್ಪನ ಕಾಲದ ಸಣ್ಣ ಅಂಗಡಿ, ಓಲೆ ಮೂಗುಬೊಟ್ಟು ರಿಪೇರಿ, ಉಂಗುರಕ್ಕೆ ಹರಳು ಕೂರಿಸೋದು, ತಾಯತಕ್ಕೆ ಅರಗು ತುಂಬಿ ಮುಚ್ಚೋದು, ಇದೇ ಹೊಟ್ಟೆಪಾಡು. ಪೇಪರಿಗೆ ಬರೀತಿರೋದು ಇದೇ ಮೊದಲು, ತಪ್ಪಿದ್ರೆ ತಿದ್ಕೊಳ್ಳಿ. ಕೆಲವು ತಿಂಗಳ ಹಿಂದೆ ನಿಮ್ಮ ಪೇಪರಿನ ಮೂರನೇ ಪೇಜಲ್ಲಿ ಕಾಲು ಪುಟದಷ್ಟು ಒಂದು ಕವಚದ ಜಾಹೀರಾತು ಬಂದಿತ್ತಲ್ಲ, ಸಾಲ ತೀರುತ್ತೆ, ಶುಗರ್ ಹೋಗುತ್ತೆ, ಗಂಡ ಕುಡಿಯೋದು ಬಿಡ್ತಾನೆ ಅಂತೆಲ್ಲ ಬರೆದು ಕೆಳಗೆ ಫೋನ್ ನಂಬರ್ ಕೊಟ್ಟಿದ್ದು, ಅದನ್ನ ತರಿಸ್ಕೊಂಡವರೊಬ್ರು ನನ್ನ ಅಂಗಡಿಗೆ ಬಂದಿದ್ರು. ಅದಕ್ಕೇ ಈ ಕಾಗದ.

ಹತ್ತಿರದ ಹಳ್ಳಿಯ ಅಜ್ಜಿ, ಎರಡು ಸೀಮೆಹಸು ಕಟ್ಕೊಂಡು ಡೈರಿಗೆ ಹಾಲು ಹಾಕ್ತಾರೆ. ಮೊಮ್ಮಗ ಜಾಹೀರಾತು ಓದಿ ಹೇಳಿದ್ನಂತೆ, ಎರಡು ಬಟವಾಡೆ ದುಡ್ಡು ಸೇರಿಸಿ 3,999 ರೂಪಾಯಿ ಕೊಟ್ಟು ತರಿಸಿದ್ರಂತೆ. ಕತ್ತಿಂದ ಬಿಚ್ಚಿ ನನ್ನ ಮುಂದೆ ಇಟ್ಟು, ನೋಡು ಆಚಾರಪ್ಪ, ಇದ್ರಾಗೆ ಚಿನ್ನ ಎಷ್ಟೈತೆ, ಅಡ ಇಟ್ರೆ ಏನು ಬತ್ತದೆ ಅಂದ್ರು, ಹಸುವಿನ ಬೂಸಾಗೆ ಬೇಕಿತ್ತಂತೆ. ಕೈಲಿ ಹಿಡಿದಾಗ್ಲೇ ಗೊತ್ತಾಯ್ತು, ಆದ್ರೂ ಅವರ ಸಮಾಧಾನಕ್ಕೆ ಒರೆಗಲ್ಲಿನ ಮೇಲೆ ಎಳೆದು ಆಸಿಡ್ ಹಾಕಿದೆ, ಗೆರೆ ಮಾಯ ಆಯ್ತು. ಮೂಲೇಲಿ ಸ್ವಲ್ಪ ಅರ ಹಾಕಿ ಅಲ್ಲೂ ಒಂದು ತೊಟ್ಟು ಬಿಟ್ಟೆ, ಹಸಿರು ನೊರೆ ಬಂತು. ಹಿತ್ತಾಳೆ ಮೇಲೆ ಗಿಲೀಟು ಅಷ್ಟೇ, ಗುಜರಿಗೆ ಹಾಕಿದ್ರೆ ಟೀ ಬನ್ನಿನ ದುಡ್ಡು ಬರಬೋದು.

"ಅಜ್ಜಿ, ಇದ್ರಲ್ಲಿ ಚಿನ್ನ ಇಲ್ಲ."

"ಚಿನ್ನ ಇಲ್ದಿದ್ರೆ ಹೋಗ್ಲಿ ಬಿಡಪ್ಪ, ಶಕ್ತಿ ಐತಾ ನೋಡು."

ಅದಕ್ಕೆ ನನ್ನ ಹತ್ರ ಆಸಿಡ್ ಇಲ್ಲ ಅಂದೆ. ನಗಲಿಲ್ಲ ಅವರು. ಕಾಲಿಗೆ ಬಟ್ಟೆ ಸುತ್ಕೊಂಡಿದ್ರು, ಏನು ಅಂತ ಕೇಳಿದ್ರೆ ಹೆಬ್ಬೆರಳು ಹುಣ್ಣಾಗಿ ಒಂದು ತಿಂಗಳಾಗೈತೆ, ವಾಸಿ ಆಗ್ತಿಲ್ಲ ಅಂದ್ರು, ಶುಗರ್ ಮಾತ್ರೆ ತಗೋತಿಲ್ವಾ ಅಂದ್ರೆ ಫೋನಲ್ಲಿ ಮಾತಾಡಿದವನು ಕವಚ ಹಾಕ್ಕೊಂಡ ಮೇಲೆ 48 ದಿನ ಮಾತ್ರೆ ಮುಟ್ಟಬೇಡಿ, ಶಕ್ತಿ ಇಳಿದುಹೋಗುತ್ತೆ ಅಂತ ಹೇಳಿದ್ನಂತೆ, ಅದಕ್ಕೆ ಬಿಟ್ಟುಬಿಟ್ಟಿದ್ರು. ಅಂಗಡಿ ಬಾಗಿಲು ಹಾಕಿ ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡೋದೆ. ಶುಗರ್ 412 ಇತ್ತು. ಇನ್ನೊಂದು ವಾರ ಬಿಟ್ಟು ಬಂದಿದ್ರೆ ಬೆರಳು ತೆಗೀಬೇಕಾಗ್ತಿತ್ತು ಅಂದ್ರು ಡಾಕ್ಟರು.

ನಾನು ದೇವರು ದಿಂಡರು ಇಲ್ಲ ಅನ್ನೋ ಪೈಕಿ ಅಲ್ಲ ಸಾರ್. ನಮ್ಮ ಕೋಲಾರಮ್ಮನ ಗುಡೀಲೇ ಚೇಳಮ್ಮ ಅವಳೆ, ಅಲ್ಲಿ ನೆಲದೊಳಗಿರೋ ಹುಂಡಿಗೆ ಕಾಣಿಕೆ ಹಾಕಿದ್ರೆ ಚೇಳು ಕಚ್ಚಲ್ಲ ಅಂತ ತಲೆತಲಾಂತರದಿಂದ ಹಾಕ್ಕೊಂಡು ಬಂದವ್ರೆ, ನಮ್ಮಮ್ಮನೂ ಹಾಕೋರು, ನಾನೂ ಹಾಕ್ತೀನಿ. ಅಲ್ಲಿ ಯಾರೂ ಇಷ್ಟೇ ಹಾಕು ಅನ್ನಲ್ಲ, ಡಾಕ್ಟರ್ ಹತ್ರ ಹೋಗಬೇಡ ಅಂತನೂ ಅನ್ನಲ್ಲ. ಮುಳಬಾಗಿಲು ದರ್ಗಾದಲ್ಲಿ ಮಂತ್ರಿಸಿದ ತಾಯತ ಹಿಂದೂಗಳೂ ಕಟ್ಕೋತಾರೆ, ಮುಸಲ್ಮಾನರೂ ಕಟ್ಕೋತಾರೆ, ಕೊಳವೆ ಸವೆದ್ರೆ ಇಬ್ರೂ ನನ್ನ ಹತ್ರನೇ ಬರ್ತಾರೆ. ಮಗು ರಾತ್ರಿ ಬೆಚ್ಚಿಬೀಳುತ್ತೆ ಅಂತ ತಾಯಿ ಒಂದು ತಾಯತ ಕಟ್ಟಿದ್ರೆ ಅದರಲ್ಲಿ ನನಗೇನೂ ತಕರಾರಿಲ್ಲ.

ಇನ್ನು ನನ್ನದೂ ಒಂದು ತಪ್ಪೊಪ್ಪಿಗೆ ಐತೆ. ನಮ್ಮಂಗಡಿ ಬೋರ್ಡಲ್ಲಿ 'ರಾಶಿಗೆ ತಕ್ಕ ಹರಳು ಕೂರಿಸಿಕೊಡಲಾಗುವುದು' ಅಂತ ಒಂದು ಸಾಲು ಇದೆ, ಅಪ್ಪ ಬರೆಸಿದ್ದು. ಜ್ಯೋತಿಷಿ ಚೀಟಿ ತಗೊಂಡು ಬರ್ತಾರೆ, ಹರಳು ಬೆರಳಿಗೆ ತಾಗಬೇಕು ಅಂತಾರೆ, ನಾವು ಕೆಳಗೆ ತೂತು ಬಿಟ್ಟು ಕಟ್ಟಿಕೊಡ್ತೀವಿ, ಮಜೂರಿ ತಗೋತೀವಿ. ಆದ್ರೆ ಕಸುಬಿನವರಿಗೆ ಗೊತ್ತಿರೋ ಒಂದು ಮಾತು ಹೇಳ್ತೀನಿ ಕೇಳಿ. ಸೂರ್ಯನಿಗೆ ಮಾಣಿಕ್ಯ, ಶನಿಗೆ ನೀಲ ಅಂತಾರಲ್ಲ, ಅಪ್ಪ ಮಗ ಆದ್ರೂ ಆಗಿಬರಲ್ಲ, ಎರಡೂ ಒಟ್ಟಿಗೆ ಹಾಕಬಾರದು ಅಂತಾರಲ್ಲ, ಆ ಎರಡೂ ಹರಳು ಒಂದೇ ಜಾತಿ ಕಲ್ಲು, ಕೊರಂಡಮ್ ಅಂತ, ಸ್ವಲ್ಪ ಕ್ರೋಮಿಯಂ ಸೇರಿದ್ರೆ ಕೆಂಪು, ಕಬ್ಬಿಣ ಟೈಟಾನಿಯಂ ಸೇರಿದ್ರೆ ನೀಲಿ. ಹವಳ ಮುತ್ತು ಅಂತೂ ಕಲ್ಲೇ ಅಲ್ಲ, ನೀರೊಳಗಿನ ಜೀವಿಗಳು ಕಟ್ಟಿಕೊಳ್ಳೋ ಸುಣ್ಣ, ನಿಂಬೆರಸದಲ್ಲಿ ನೆನೆಸಿದ್ರೆ ಮೇಲೆಲ್ಲ ಗುಳ್ಳೆ ಏಳುತ್ತೆ. ಫ್ಯಾಕ್ಟರೀಲಿ ಬೆಂಕಿ ಮೇಲೆ ಮಾಣಿಕ್ಯ ಮಾಡೋ ವಿದ್ಯೆ 1902ರಲ್ಲೇ ಫ್ರಾನ್ಸಿನಿಂದ ಬಂತು, ಪೇಟೇಲಿ ಸಸ್ತಾಗಿ ಸಿಗೋ ಕೆಂಪು ಹರಳಲ್ಲಿ ಎಷ್ಟೋ ಅದೇ ಮಾಲು, ಬರಿಗಣ್ಣಲ್ಲಿ ನಮಗೇ ವ್ಯತ್ಯಾಸ ಗೊತ್ತಾಗಲ್ಲ, ಗ್ರಹಕ್ಕೆ ಹೆಂಗೆ ಗೊತ್ತಾಗುತ್ತೋ. ಇಷ್ಟು ಗೊತ್ತಿದ್ದೂ ನಾನು ಬಾಯಿ ಮುಚ್ಕೊಂಡು ಕಟ್ಟಿಕೊಟ್ಟಿದ್ದೀನಿ. ಆದ್ರೆ ಇದನ್ನ ಹಾಕ್ಕೊಂಡ್ರೆ ಕಾಯಿಲೆ ಹೋಗುತ್ತೆ ಅಂತ ಒಬ್ಬರಿಗೂ ಹೇಳಿಲ್ಲ.

ಈಗ ಹುಡುಗರ ಕೈಲೆಲ್ಲ ಪೈರೈಟ್ ಬ್ರೇಸ್‌ಲೆಟ್ ಶುರುವಾಗೈತೆ, ದುಡ್ಡು ಎಳ್ಕೊಂಡು ಬರುತ್ತಂತೆ. ಪೈರೈಟ್ ಅಂದ್ರೆ ಕಬ್ಬಿಣ ಗಂಧಕ ಕೂಡಿದ ಅದಿರು, ನೋಡೋಕೆ ಚಿನ್ನದ ಥರ ಹೊಳೆಯುತ್ತೆ ಅಂತ ಇಂಗ್ಲಿಷಿನವರು ಅದನ್ನ ಮೂರ್ಖರ ಚಿನ್ನ ಅಂತಾರೆ. ನೂರು ವರ್ಷಕ್ಕೂ ಮೇಲೆ ಚಿನ್ನ ತೆಗೆದ ಕೆಜಿಎಫ್ ಇರೋ ಜಿಲ್ಲೇಲಿ ಅದನ್ನ ಮಾರ್ತಾರಲ್ಲ, ಧೈರ್ಯ ಮೆಚ್ಚಬೇಕು. ಇನ್ನೊಬ್ಬ ಚೈನ್ ಸ್ಕೀಮಿನವನು ಕ್ವಾಂಟಂ ಪೆಂಡೆಂಟ್ ಹಿಡ್ಕೊಂಡು ಅಂಗಡಿಗೇ ಬಂದಿದ್ದ, ಕಾಸ್ಮಿಕ್ ಎನರ್ಜಿ ತುಂಬಿದ್ದಾರೆ ಸಾರ್ ಅಂತ. ಅಲ್ಲಪ್ಪ, ಕಾಸ್ಮಿಕ್ ಕಿರಣದಿಂದ ಹುಟ್ಟೋ ನ್ಯೂಟ್ರಿನೋ ಅನ್ನೋ ಕಣ್ಣಿಗೆ ಕಾಣದ ಕಣ ಹಿಡಿಯೋಕೆ 1965ರಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳು ಇದೇ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯೊಳಗೆ ಎರಡು ಕಿಲೋಮೀಟರಿಗಿಂತ ಆಳದಲ್ಲಿ ಯಂತ್ರ ಇಟ್ಟು ಕಾದವ್ರೆ, ನೀನು ಪಾಕೆಟ್ಟಲ್ಲಿ ಇಟ್ಕೊಂಡು ಓಡಾಡ್ತಿದ್ದೀಯಲ್ಲ ಅಂದೆ. ತಮಾಷೆ ಪಕ್ಕಕ್ಕಿರಲಿ, 2021ರ ಡಿಸೆಂಬರಲ್ಲಿ ನೆದರ್‌ಲ್ಯಾಂಡ್ಸ್ ಸರ್ಕಾರದ ಅಣುಸುರಕ್ಷತೆ ಇಲಾಖೆ ಇಂಥ ಪೆಂಡೆಂಟು, ಬ್ರೇಸ್‌ಲೆಟ್ಟು ಹತ್ತು ಐಟಮ್ ಪರೀಕ್ಷೆ ಮಾಡಿ ಇವುಗಳಿಂದ ವಿಕಿರಣ ಬರ್ತಿದೆ, ಹಾಕ್ಕೋಬೇಡಿ ಅಂತ ಜನಕ್ಕೆ ಎಚ್ಚರಿಕೆ ಕೊಡ್ತು. ಒಳಗೆ ಎನರ್ಜಿ ಇತ್ತು ಅನ್ನೋದು ಮಾತ್ರ ಸುಳ್ಳಲ್ಲ ನೋಡಿ.

ಕೋರ್ಟಿಗೆ ಹೋಗೋ ವಕೀಲರೊಬ್ರು ನಮ್ಮ ಗಿರಾಕಿ, ಅವರ ಹತ್ರ ಅಜ್ಜಿ ಕಥೆ ಹೇಳಿದ್ದಕ್ಕೆ 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆ ಜಾಹೀರಾತು ಕಾಯ್ದೆ ತೆಗೆದು ತೋರಿಸಿದ್ರು. ತಾಯತ, ಮಂತ್ರ, ಕವಚ ಅಂತ ಹೆಸರು ಹಿಡಿದೇ ಬರೆದವ್ರೆ ಅದರಲ್ಲಿ, ದನಕರುಗಳ ಕಾಯಿಲೆಗೆ ಕಟ್ಟೋದೂ ಸೇರುತ್ತಂತೆ. ಇಂಥದ್ದರಿಂದ ಶುಗರ್ ವಾಸಿ ಆಗುತ್ತೆ ಅಂತ ಮಾರೋನು ಜಾಹೀರಾತು ಕೊಟ್ರೆ ಮೊದಲ ಸಲ ಆರು ತಿಂಗಳವರೆಗೆ ಜೈಲು ಇಲ್ಲಾ ದಂಡ ಇಲ್ಲಾ ಎರಡೂ, ಮತ್ತೆ ಮಾಡಿದ್ರೆ ಒಂದು ವರ್ಷದವರೆಗೆ. ಸಾಲ ತೀರುತ್ತೆ ಅನ್ನೋದು ಇದರಲ್ಲಿ ಬರಲ್ಲ, ಅದಕ್ಕೆ 2019ರ ಗ್ರಾಹಕ ಕಾಯ್ದೆ ಐತೆ, ದಾರಿ ತಪ್ಪಿಸೋ ಜಾಹೀರಾತಿಗೆ ಹತ್ತು ಲಕ್ಷದವರೆಗೆ ದಂಡ, ಪ್ರಕಟಿಸಿದವರ ಮೇಲೂ ಹಾಕೋಕೆ ಅವಕಾಶ ಐತಂತೆ. ದೂರು ಕೊಡೋಕೆ 1915ಕ್ಕೆ ಫೋನ್ ಮಾಡಿದ್ರೆ ಸಾಕು.

ಹಂಗಾಗಿ ಕೇಳ್ತಿದ್ದೀನಿ. ಹಾಲ್‌ಮಾರ್ಕ್ ಒಡವೆ ಅಂತ ಮಾರಬೇಕಾದ್ರೆ ಅದರ ಮೇಲೆ ಎಚ್‌ಯುಐಡಿ ಅನ್ನೋ ಆರು ಅಕ್ಷರ-ಅಂಕಿಯ ಗುರುತಿನ ಸಂಖ್ಯೆ ಇರಬೇಕು, ಇಲ್ದಿದ್ರೆ ನಮ್ಮನ್ನ ಹಿಡೀತಾರೆ. ಕವಚದವನು ದುಡ್ಡು ಕಟ್ಟಿದ ಅಂತ ನೀವು ಏನೂ ಕೇಳದೆ ಹಾಕಿಬಿಡ್ತೀರಾ? ಜಾಹೀರಾತು ವಿಭಾಗದಲ್ಲಿ ಯಾರಾದ್ರೂ ಒಬ್ರು, ಇದು ಕಾಯಿಲೆ ವಾಸಿ ಮಾಡುತ್ತೆ ಅಂತ ಬರೆದೈತಲ್ಲ, ಹಾಕಬೋದಾ ಅಂತ ಓದಿ ನೋಡಲ್ವಾ? ಒಳಪುಟದಲ್ಲಿ ವಿಜ್ಞಾನದ ಅಂಕಣ ನೀವೇ ಹಾಕ್ತೀರ, ಚೆನ್ನಾಗೇ ಇರುತ್ತೆ. ಹಳ್ಳೀಲಿ ಪೇಪರಲ್ಲಿ ಬಂದೈತೆ ಅಂದ್ರೆ ಜಾಹೀರಾತು ಯಾವುದು ಸುದ್ದಿ ಯಾವುದು ಅಂತ ಬೇರೆ ಮಾಡಲ್ಲ ಸಾರ್. ಬೋರ್ಡಿನ ಆ ಸಾಲು ಅಳಿಸಬೇಕಾ ಅಂತ ನಾನೂ ಯೋಚನೆ ಮಾಡ್ತಿದ್ದೀನಿ, ಇನ್ನೂ ಅಳಿಸಿಲ್ಲ, ಸುಳ್ಯಾಕೆ ಹೇಳಲಿ.

ಮೊನ್ನೆ ಅಜ್ಜಿ ಮತ್ತೆ ಬಂದಿದ್ರು, ಕವಚದ ಕೊಕ್ಕೆ ಕಿತ್ತೋಗಿತ್ತು. ಯಾಕಜ್ಜಿ ಇನ್ನೂ ಇದನ್ನ ಅಂದ್ರೆ ತೆಗೆಯೋಕೆ ಭಯ ಕಣಪ್ಪ ಅಂದ್ರು. ಬೆಸುಗೆ ಹಾಕಿಕೊಟ್ಟೆ, ದುಡ್ಡು ತಗೊಳ್ಳಿಲ್ಲ. ಮಾತ್ರೆ ತಗೋತಿದ್ದೀರಾ ಅಂತ ಕೇಳಿದ್ದಕ್ಕೆ ಎಲೆಅಡಿಕೆ ಚೀಲದಿಂದ ಅರ್ಧ ಖಾಲಿಯಾದ ಶೀಟ್ ತೆಗೆದು ತೋರಿಸಿದ್ರು. ಅದೇ ಚೀಲದಲ್ಲಿ ನಿಮ್ಮ ಮೂರನೇ ಪೇಜಿನ ತುಂಡೂ ನಾಲ್ಕು ಮಡಿಕೆ ಮಾಡಿ ಇಟ್ಟಿತ್ತು, ನಂಬರ್ ಐತಲ್ಲ, ಬೇಕಾಗಬೋದು ಅಂತ.

ಇಂತಿ,
ಒಬ್ಬ ಅಕ್ಕಸಾಲಿ, ಕೋಲಾರ